ದವಡೆಗೆ ಸೂಜಿ ಚುಚ್ಚೋದು ಸಲೂನಿನ ಕೆಲಸ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆಯಲ್ಲಿ ಗಂಡಸರ ಸಲೂನ್ ನಡೆಸುವವನು. ಅಪ್ಪ ಚೌಕಿಪೇಟೆ ಕಡೆ ಮರದ ಕುರ್ಚಿ ಹಾಕಿಕೊಂಡು ಕಟಿಂಗ್ ಮಾಡುತ್ತಿದ್ದರು. ನಾನು ವಿದ್ಯಾನಗರದ ಕಡೆ ಅಂಗಡಿ ಮಾಡಿ ಏಸಿ ಹಾಕಿಸಿದ್ದೇನೆ, ಅಷ್ಟೇ ವ್ಯತ್ಯಾಸ. ಪೇಪರಿಗೆ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಈಚೆಗೆ ಅಂಗಡಿಗೆ ಒಬ್ಬ ಸೇಲ್ಸ್ ಹುಡುಗ ಬಂದು ಹೋದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ.

ಅವನು ಬ್ಯಾಗಿನಿಂದ ದಪ್ಪ ಪೆನ್ನಿನ ತರದ ಒಂದು ಮಷಿನ್ ತೆಗೆದು ಟೇಬಲ್ ಮೇಲಿಟ್ಟ. "ಇದರಲ್ಲಿ ಸೂಜಿ ಇಲ್ಲ ಅಣ್ಣಾ, ಪ್ರೆಷರ್ ಮೇಲೇ ಜೆಲ್ ಚರ್ಮದೊಳಗೆ ಹೋಗುತ್ತೆ. ಸೂಜಿ ಇಲ್ಲ ಅಂದ್ಮೇಲೆ ಡಾಕ್ಟ್ರೂ ಬೇಡ, ಲೈಸೆನ್ಸೂ ಬೇಡ. ಟ್ರೈನಿಂಗ್ ನಾವೇ ಕೊಡ್ತೀವಿ. ನಿಮ್ಮ ಗಿರಾಕಿಗಳೆಲ್ಲ ಹುಡುಗರೇ ಅಲ್ವಾ, ಜಾಲೈನ್, ಅಂದ್ರೆ ದವಡೆ ಗೆರೆ, ಎದ್ದು ಕಾಣೋ ಹಾಗೆ ಮಾಡಿಕೊಡಿ, ತಲೆಗೆ ಸಾವಿರಗಟ್ಟಲೆ ಉಳಿಯುತ್ತೆ" ಅಂದ. ಚಹಾ ಕುಡಿಸಿ ಕಳಿಸಿದೆ. ಆಮೇಲೆ ಗೊತ್ತಾಯಿತು, ನಮ್ಮ ಕಸುಬಿನವರೇ ಒಂದಿಬ್ಬರು ಆ ಮಷಿನ್ ತಗೊಳ್ಳುವ ಯೋಚನೆಯಲ್ಲಿದ್ದಾರೆ ಅಂತ. ಇಂಥ ಸೂಜಿಯಿಲ್ಲದ ಪೆನ್ನುಗಳಿಂದ ಫಿಲ್ಲರ್, ಅಂದರೆ ಮುಖ ತುಂಬಿಸುವ ಆ ಜೆಲ್, ಹಾಕಿಸಿಕೊಳ್ಳಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರಿನಲ್ಲೇ ಎಚ್ಚರಿಕೆ ಕೊಟ್ಟಿದೆ. ಜೆಲ್ ಎಷ್ಟು ಆಳಕ್ಕೆ ಹೋಗುತ್ತೆ, ಎಲ್ಲಿ ಕೂರುತ್ತೆ ಅನ್ನೋದು ಅದರಲ್ಲಿ ಕೈಹಿಡಿತಕ್ಕೆ ಸಿಗೋದಿಲ್ಲ. ಸೂಜಿ ಇಲ್ಲ ಅನ್ನೋದನ್ನೇ ದೊಡ್ಡ ಗುಣ ಅಂತ ಅವನು ಮಾರುತ್ತಿದ್ದ.

ಗಂಡಸರು ಮುಖಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳೋದೇ ತಪ್ಪು ಅಂತ ನಾನು ಹೇಳೋದಿಲ್ಲ. ಕನ್ನಡಿ ಮುಂದೆ ಕೂತ ಗಂಡಸರನ್ನು ನೋಡಿಯೇ ನನ್ನ ಹೊಟ್ಟೆ ತುಂಬೋದು. ಚೆನ್ನಾಗಿ ಕಾಣಬೇಕು ಅನ್ನುವ ಆಸೆಗೆ ನಾನೇ ನಕ್ಕರೆ ಅಂಗಡಿ ಬಾಗಿಲು ಹಾಕಬೇಕಾಗುತ್ತೆ. ವಯಸ್ಸಿಗೆ ಬಂದವನು, ಸ್ವಂತ ದುಡ್ಡು, ತಿಳಿದ ಡಾಕ್ಟರ ಹತ್ತಿರ ಹೋಗಿ ಹಾಕಿಸಿಕೊಂಡ ಅಂದರೆ ಅದು ಅವನ ಮುಖ. ನನ್ನ ತಕರಾರು ಚುಚ್ಚುವ ಕೈ ಯಾರದ್ದು ಅನ್ನೋದರ ಬಗ್ಗೆ ಮಾತ್ರ.

ಮೊದಲೆಲ್ಲ ಹುಡುಗರು ಹೀರೋ ಫೋಟೊ ತಂದು "ಇದೇ ಕಟಿಂಗ್ ಬೇಕು" ಅನ್ನುತ್ತಿದ್ದರು. ಹೀರೋ ಕೂದಲು ಬೇರೆ, ನಿನ್ನ ಕೂದಲು ಬೇರೆ ಕಣಪ್ಪಾ ಅಂತ ಒಪ್ಪಿಸಬಹುದಿತ್ತು. ಈಗ ತಮ್ಮದೇ ಫೋಟೊ ತರುತ್ತಾರೆ. ಮುಖ ಅವನದೇ, ಆದರೆ ಫೋನ್ ಅದಕ್ಕೆ ದವಡೆ ಅಗಲ ಮಾಡಿ, ಗದ್ದ ಚೌಕ ಮಾಡಿ, ಕೆನ್ನೆ ಒಳಗೆ ತಳ್ಳಿ ಕೊಟ್ಟಿರುತ್ತೆ. "ಅಣ್ಣಾ, ಹಿಂಗೆ ಕಾಣ್ಬೇಕು." ಇದಕ್ಕೆ ಏನು ಹೇಳೋದು? ಇನ್ನೊಂದು ಮಾತು. ಸೆಲ್ಫಿ ತೆಗೆಯುವಾಗ ಫೋನ್ ಮುಖಕ್ಕೆ ಒಂದು ಅಡಿ ದೂರದಲ್ಲಿರುತ್ತೆ. ಅಷ್ಟು ಹತ್ತಿರದಿಂದ ತೆಗೆದರೆ ಯಾರದೇ ಮೂಗಾದರೂ ಇದ್ದದ್ದಕ್ಕಿಂತ ದೊಡ್ಡದಾಗಿ, ದವಡೆ ಹಿಂದಕ್ಕೆ ಸರಿದ ಹಾಗೆ ಕಾಣುತ್ತೆ. ನನ್ನ ಕನ್ನಡಿಯಲ್ಲಿ ಸರಿಯಾಗಿರುವ ದವಡೆ ಅವನ ಫೋನಿನಲ್ಲಿ ಇಲ್ಲವೇ ಇಲ್ಲ. ಹುಡುಗ ನಂಬೋದು ಫೋನನ್ನು.

ಜೊತೆಗೆ ಹೆಣ್ಣು ಸಿಗದ ಸಂಕಟ ಬೇರೆ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಬರುವ ಹುಡುಗರು ಎಷ್ಟೋ ಜನ ಮೂವತ್ತು ದಾಟಿದ್ದಾರೆ. ಹೊಲ ಇದೆ, ತೋಟ ಇದೆ, ಕೆಲವರಿಗೆ ಅಡಿಕೆ ದುಡ್ಡೂ ಇದೆ, ಮದುವೆ ಮಾತ್ರ ಆಗುತ್ತಿಲ್ಲ. ಹೆಣ್ಣಿನ ಕಡೆಯವರು ಬೆಂಗಳೂರು ಕೆಲಸ ಕೇಳುತ್ತಾರೆ, ಇಲ್ಲ ಸರ್ಕಾರಿ ನೌಕರಿ ಕೇಳುತ್ತಾರೆ. ಇವನು ಮನೆಗೆ ಬಂದು ಕನ್ನಡಿ ನೋಡಿಕೊಂಡು "ನನ್ನ ಗದ್ದ ಚಿಕ್ಕದು, ಅದಕ್ಕೇ ಬೇಡ ಅಂದ್ರು" ಅಂದುಕೊಳ್ಳುತ್ತಾನೆ. ನಮ್ಮ ಊರಲ್ಲಿ ಯಾವ ಬೀಗರು ಬಂದು ಗದ್ದ ಅಳೆದಿದ್ದಾರೋ ನನಗಂತೂ ಗೊತ್ತಿಲ್ಲ!

ಇನ್ನು ಈ ಇಂಜೆಕ್ಷನ್ ಅಂದರೆ ಏನು ಅಂತ. ಚರ್ಮದ ಡಾಕ್ಟರೊಬ್ಬರು ನನ್ನ ಹಳೇ ಗಿರಾಕಿ. ಕಟಿಂಗ್ ಮಾಡಿಸಿಕೊಳ್ಳುತ್ತಲೇ ಬಿಡಿಸಿ ಹೇಳಿದರು. ಎರಡು ಬಗೆ ಇದೆ, ಹುಡುಗರು ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಒಂದು ಬೊಟಾಕ್ಸ್. ಬೊಟುಲಿನಮ್ ಅನ್ನುವ ವಿಷವನ್ನು ತೀರಾ ಸಣ್ಣ ಪ್ರಮಾಣದಲ್ಲಿ ಸ್ನಾಯುವಿಗೆ ಕೊಡೋದು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ನಿಲ್ಲುತ್ತೆ, ಸ್ನಾಯು ಸಡಿಲ ಆಗುತ್ತೆ. ಅಮೆರಿಕದಲ್ಲಿ 1989ರಲ್ಲಿ ಇದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣು, ರೆಪ್ಪೆ ಸೆಳೆತದಂಥ ತೊಂದರೆಗಳಿಗೆ. ಹುಬ್ಬಿನ ನಡುವಿನ ಗೆರೆಗೆ ಅಂತ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಮೂರು ನಾಲ್ಕು ತಿಂಗಳಿಗೆ ಇದರ ಕೆಲಸ ಮುಗಿಯುತ್ತೆ. ಇನ್ನೊಂದು ಫಿಲ್ಲರ್. ಇದು ಜೆಲ್, ಎಲ್ಲಿ ಹಾಕುತ್ತಾರೋ ಅಲ್ಲಿ ತುಂಬಿಕೊಂಡು ಕೂರುತ್ತೆ. ಹೆಚ್ಚಾಗಿ ಬಳಸೋದು ಹೈಲುರಾನಿಕ್ ಆಸಿಡ್. ಹೆಸರಲ್ಲಿ ಆಸಿಡ್ ಇದ್ದರೂ ಸುಡುವಂಥದ್ದಲ್ಲ, ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಇರುವಂಥದ್ದೇ ವಸ್ತು. ಸರಿಸುಮಾರು ಒಂದು ವರ್ಷ ನಿಲ್ಲುತ್ತೆ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ.

ಗಂಡಸಿನ ಮುಖಕ್ಕೆ ಬೇಕಾಗೋದು ಬಹುತೇಕ ಫಿಲ್ಲರ್. ಕಿವಿಯ ಕೆಳಗೆ ದವಡೆ ತಿರುಗುವ ಮೂಲೆಗೆ, ದವಡೆಯ ಅಂಚಿಗೆ, ಗದ್ದದ ಎರಡೂ ಬದಿಗೆ. ಹೆಂಗಸರ ಗದ್ದ ಕೆಳಗೆ ಬಂದ ಹಾಗೆ ಕಿರಿದಾಗುತ್ತೆ. ಗಂಡಸರ ಗದ್ದ ಹೆಚ್ಚುಕಡಿಮೆ ಬಾಯಿಯಷ್ಟೇ ಅಗಲ ಇದ್ದರೆ ಗಡಸಾಗಿ ಕಾಣುತ್ತೆ. ಇದು ನನಗೂ ಕೈಯಿಂದಲೇ ಗೊತ್ತು, ಗಡ್ಡ ಸೆಟ್ ಮಾಡುವಾಗ ನಾವು ಮಾಡೋದೂ ಇದೇ ಮೋಸ. ಬದಿಯಲ್ಲಿ ಸ್ವಲ್ಪ ಬಿಟ್ಟು, ಕೆಳಗೆ ಚೌಕ ಕಟ್ ಮಾಡಿ, ಕುತ್ತಿಗೆ ಕಡೆ ಗೆರೆ ಸರಿಯಾಗಿ ಎಳೆದರೆ ಇಲ್ಲದ ದವಡೆ ಬರುತ್ತೆ. ಅದಕ್ಕೆ ನನ್ನ ಅಂಗಡಿಯಲ್ಲಿ ಒಂದು ಪ್ಲೇಟ್ ಬೆಣ್ಣೆ ದೋಸೆ ದುಡ್ಡಿಗಿಂತ ಸ್ವಲ್ಪ ಜಾಸ್ತಿ ಆಗಬಹುದು. ಫಿಲ್ಲರ್ ಸಿರಿಂಜಿನಲ್ಲಿ ಇರೋದು ಒಂದು ಎಂ.ಎಲ್., ಅಂದರೆ ಟೀ ಚಮಚದ ಐದರಲ್ಲಿ ಒಂದು ಭಾಗ. ಗಂಡಸಿನ ದವಡೆ ಎದ್ದು ಕಾಣೋಕೆ ಇಂಥ ಎರಡೋ ನಾಲ್ಕೋ ಸಿರಿಂಜ್ ಬೇಕಾಗುತ್ತೆ, ಒಂದೊಂದಕ್ಕೂ ಸಾವಿರಗಟ್ಟಲೆ ಬೆಲೆ. ಮುಂದಿನ ವರ್ಷ ಮತ್ತೆ.

ಬೊಟಾಕ್ಸ್ ವಿಷಯದಲ್ಲಿ ತಮಾಷೆ ಏನು ಅಂದರೆ, ತಿಳಿಯದವರು ಹಾಕಿದರೆ ಕೆಲಸ ಉಲ್ಟಾ ಆಗುತ್ತೆ. ದವಡೆಯ ಜಗಿಯುವ ಸ್ನಾಯುವಿಗೆ ಹಾಕಿದರೆ ಅದು ನಿಧಾನಕ್ಕೆ ಸಣ್ಣಗಾಗುತ್ತೆ, ಮುಖದ ಕೆಳಭಾಗ ಕಿರಿದಾಗುತ್ತೆ. ಮುಖ ನಾಜೂಕಾಗಿ ಕಾಣಲಿ ಅನ್ನುವವರು ಮಾಡಿಸಿಕೊಳ್ಳೋದು ಅದು. ಅಗಲ ದವಡೆ ಬೇಕು ಅಂತ ಹೋದವನಿಗೆ ಅದನ್ನೇ ಚುಚ್ಚಿ ಕಳಿಸಿದರೆ? ಹುಬ್ಬಿನದೂ ಅದೇ ಕತೆ. ಗಂಡಸರ ಹುಬ್ಬು ಚಪ್ಪಟೆಯಾಗಿ ಮೂಳೆಯ ಅಂಚಿನ ಮೇಲೇ ಮಲಗಿರುತ್ತೆ, ಹೆಂಗಸರದ್ದು ಸ್ವಲ್ಪ ಮೇಲೆ, ಬಿಲ್ಲಿನ ಹಾಗೆ. ಹೆಂಗಸರಿಗೆ ಹಾಕುವ ಲೆಕ್ಕದಲ್ಲೇ ಗಂಡಸಿನ ಹಣೆಗೆ ಹಾಕಿದರೆ ಹುಬ್ಬಿನ ತುದಿ ಮೇಲಕ್ಕೆ ಎದ್ದು ಕೂರುತ್ತೆ. ಮೂರು ನಾಲ್ಕು ತಿಂಗಳು ಯಾವಾಗ ನೋಡಿದರೂ ಬೆರಗಾದ ಮುಖ.

ಇವೆಲ್ಲ ನಗುವ ಮಾತು, ಔಷಧ ಇಳಿದರೆ ಸರಿಹೋಗುತ್ತೆ. ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಬೇರೆ. ನೀವೂ ಹಲ್ಲು ಕಚ್ಚಿ ಹಿಡಿದು ನೋಡಿ, ದವಡೆ ಹಿಂಭಾಗದಲ್ಲಿ ಒಂದು ಸ್ನಾಯು ಉಬ್ಬುತ್ತೆ. ಅದರ ಮುಂದಿನ ಅಂಚಿನಲ್ಲಿ, ದವಡೆ ಮೂಳೆಯ ಕೆಳಗಿನ ಬದಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿ. ನಾಡಿ ಬಡಿಯುತ್ತೆ. ಮುಖಕ್ಕೆ ರಕ್ತ ಕೊಡುವ ದೊಡ್ಡ ನಾಳ ಅಲ್ಲಿ ಮೂಳೆ ದಾಟಿ ಮೇಲೆ ಹತ್ತುತ್ತೆ. ಶೇವಿಂಗ್ ಮಾಡುವಾಗ ದಿನಾ ನನ್ನ ಬೆರಳ ಕೆಳಗೆ ಬರುವ ಜಾಗ ಅದು. ಅದರ ಹತ್ತಿರವೇ ದವಡೆ ಫಿಲ್ಲರ್ ಬೀಳೋದು. ಜೆಲ್ ಆ ನಾಳದೊಳಗೆ ಹೋದರೆ ಮುಂದೆ ರಕ್ತ ಹೋಗಲ್ಲ. ಚರ್ಮ ಬೆಳ್ಳಗಾಗುತ್ತೆ, ಆಮೇಲೆ ಜಾಲರಿ ಬಿಟ್ಟ ಹಾಗೆ ನೀಲಿ ಕೆಂಪು ಕಲೆ, ಆಮೇಲೆ ಆ ಭಾಗ ಸಾಯುತ್ತೆ. ಹುಬ್ಬಿನ ನಡುವೆ, ಮೂಗಿಗೆ ಹಾಕುವಾಗ ಅಪಾಯ ಇನ್ನೂ ಜಾಸ್ತಿ. ಅಲ್ಲಿಯ ನಾಳಗಳು ಕಣ್ಣಿನ ನಾಳಕ್ಕೆ ಸೇರಿಕೊಂಡಿವೆ, ಜೆಲ್ ಹಿಂದಕ್ಕೆ ಹರಿದು ಕಣ್ಣು ಹೋದ ಪ್ರಕರಣಗಳು ಪ್ರಪಂಚದ ಎಷ್ಟೋ ಕಡೆ ವರದಿಯಾಗಿವೆ. ಹೋದ ಕಣ್ಣು ವಾಪಸ್ ಬರೋದು ಅಪರೂಪ.

ತಿಳಿದ ಡಾಕ್ಟರ ಕೈಯಲ್ಲೂ ಇದು ಆಗಬಹುದು, ನನ್ನ ಗಿರಾಕಿ ಡಾಕ್ಟರೇ ಅದನ್ನು ಮುಚ್ಚಿಡದೆ ಹೇಳಿದರು. ಆದರೆ ತಿಳಿದವರಿಗೆ ನಾಳ ಎಲ್ಲಿದೆ ಅಂತ ಗೊತ್ತಿರುತ್ತೆ, ನಿಧಾನಕ್ಕೆ ಸ್ವಲ್ಪ ಸ್ವಲ್ಪ ಹಾಕುತ್ತಾರೆ, ಬೇಕಾದ ಕಡೆ ತುದಿ ಮೊಂಡಾದ ಉದ್ದನೆ ಸೂಜಿ ಬಳಸುತ್ತಾರೆ. ಅದಕ್ಕಿಂತ ಮುಖ್ಯವಾಗಿ ಕೈಗೆ ಸಿಗುವ ಹಾಗೆ ಹೈಲುರಾನಿಡೇಸ್ ಇಟ್ಟುಕೊಂಡಿರುತ್ತಾರೆ. ಹೈಲುರಾನಿಕ್ ಜೆಲ್ಲನ್ನು ಕರಗಿಸುವ ಔಷಧ ಅದು. ಕಲೆ ಕಂಡ ತಕ್ಷಣ ಕೊಟ್ಟರೆ ಚರ್ಮ ಉಳಿಸಬಹುದು. ಸಲೂನಿನಲ್ಲೋ ಪಾರ್ಲರಿನಲ್ಲೋ ಇದನ್ನು ಯಾರು ಇಡುತ್ತಾರೆ? ಇಟ್ಟರೂ ಕೊಡೋದು ಯಾರು?

ನಮ್ಮ ಗಿರಾಕಿ ಹುಡುಗನೊಬ್ಬ ಮದುವೆಗೆ ಸ್ವಲ್ಪ ದಿನ ಇದೆ ಅನ್ನುವಾಗ ಬಂದ. ಶೇವಿಂಗ್, ಫೇಸ್ ಮಸಾಜ್ ಎರಡೂ ಬೇಕು ಅಂದ. ನೊರೆ ಹಚ್ಚಿ ಎಡಗೈಯಲ್ಲಿ ಚರ್ಮ ಎಳೆದು ಹಿಡಿದೆ ನೋಡಿ, ಬಲಗಡೆ ದವಡೆ ಮೂಲೆಯಲ್ಲಿ ಹುಣಸೆ ಬೀಜದಷ್ಟು ಗಂಟು. ಸುತ್ತ ಬಿಸಿ ಇತ್ತು. ಕತ್ತಿ ಕೆಳಗಿಟ್ಟೆ. "ಏನಪ್ಪಾ ಇದು?" ಅಂದೆ. "ಫಿಲ್ಲರ್ ಅಣ್ಣಾ. ಗಟ್ಟಿಯಾಗಿ ಉಜ್ಜಿ ಬಿಡಿ, ಕರಗುತ್ತಂತೆ" ಅಂದ. ಹಾಕಿದವರೇ ಸಲೂನಿಗೆ ಹೋಗಿ ಉಜ್ಜಿಸಿಕೋ ಅಂದಿದ್ದರಂತೆ! ನೊರೆ ಒರೆಸಿ, ಕೈ ಹಾಕಲ್ಲ ಅಂತ ಹೇಳಿ ಡಾಕ್ಟರ ಹತ್ತಿರ ಕಳಿಸಿದೆ. ಫಿಲ್ಲರ್ ಹಾಕಿದ ಮೇಲೆ ಒಂದೆರಡು ವಾರ ಮುಖಕ್ಕೆ ಮಸಾಜ್ ಬೇಡ, ಸ್ಟೀಮ್ ಬೇಡ ಅಂತಾರೆ. ಬೇಕಿದ್ದರೆ ಹಾಕಿದ ಡಾಕ್ಟರೇ ಒತ್ತಿ ಸರಿಮಾಡಬೇಕು. ನಮ್ಮ ಕಸುಬಿನವರು ಇದೊಂದನ್ನಾದರೂ ತಿಳಿದುಕೊಂಡಿರಲಿ: ಮುಖಕ್ಕೆ ಕೈ ಹಾಕುವ ಮೊದಲು ಇಂಜೆಕ್ಷನ್ ಏನಾದರೂ ಮಾಡಿಸಿದ್ದೀರಾ ಅಂತ ಒಂದು ಮಾತು ಕೇಳಿ.

ಅವನನ್ನು ನೋಡಿದ ಡಾಕ್ಟರು ಮೊದಲು ಕೇಳಿದ್ದು "ಯಾವ ಫಿಲ್ಲರ್?" ಅಂತ. ಅವನಿಗೆ ಗೊತ್ತಿಲ್ಲ. ಬಾಕ್ಸ್ ನೋಡಿಲ್ಲ, ಬಿಲ್ ಇಲ್ಲ. ಬೇರೆ ಊರಿನಲ್ಲಿ ಯಾವುದೋ ರೂಮಿನಲ್ಲಿ, ಆಫರ್ ಇದೆ ಅಂತ ಹಾಕಿಸಿಕೊಂಡಿದ್ದ. ಅಲ್ಲೇ ಇರೋದು ಪೇಚು. ಹೈಲುರಾನಿಕ್ ಆದರೆ ಕರಗಿಸಬಹುದು. ಕ್ಯಾಲ್ಸಿಯಂ ಇರುವ ಫಿಲ್ಲರುಗಳೂ ಇವೆ, ಅವಕ್ಕೆ ಈ ಔಷಧ ನಾಟಲ್ಲ. ಸಿಲಿಕಾನ್ ಎಣ್ಣೆ ಹಾಕಿದ್ದರಂತೂ ಅದು ಜೀವಮಾನ ಪೂರ್ತಿ ಒಳಗೇ ಇರುತ್ತೆ, ವರ್ಷಗಳ ಮೇಲೂ ಗಂಟಾಗಿ ಏಳಬಹುದು. ಮುಖದ ಆಕಾರಕ್ಕೆ ಅಂತ ಸಿಲಿಕಾನ್ ಚುಚ್ಚೋಕೆ ಎಫ್‌ಡಿಎ ಒಪ್ಪಿಗೆಯೇ ಕೊಟ್ಟಿಲ್ಲ. ಒಳಗೆ ಏನಿದೆ ಅಂತಲೇ ಗೊತ್ತಿಲ್ಲದಿದ್ದರೆ ಡಾಕ್ಟರಾದರೂ ಏನು ಮಾಡುತ್ತಾರೆ? ಸೋಂಕಿಗೆ ಮಾತ್ರೆ ಕೊಟ್ಟರು, ಕಾದು ನೋಡೋಣ ಅಂದರು. ಹುಡುಗ ಗಡ್ಡ ಬಿಟ್ಟೇ ಮದುವೆಯಾದ. ಫೋಟೊದಲ್ಲಿ ಚೆನ್ನಾಗೇ ಕಾಣುತ್ತಾನೆ, ಗಡ್ಡ ಸೆಟ್ ಮಾಡಿದ್ದು ನಾನೇ.

ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಬೇರೆಯೇ ಮಾತು ಹೇಳಬೇಕು. ನಿಮ್ಮ ಮುಖ ಇನ್ನೂ ಕೂತಿಲ್ಲ. ಆ ವಯಸ್ಸಿನಲ್ಲಿ ದವಡೆ ಇನ್ನೂ ತುಂಬಿಕೊಳ್ಳುತ್ತಿರುತ್ತೆ, ಗಡ್ಡ ಬರುತ್ತಿರುತ್ತೆ. ಪಿಯುಸಿಯಲ್ಲಿ ಕೋಲು ಮುಖ ಇದ್ದವರು ಕೆಲಸಕ್ಕೆ ಸೇರುವ ಹೊತ್ತಿಗೆ ಗುರುತೇ ಸಿಗದ ಹಾಗೆ ಆಗಿದ್ದನ್ನು ನಾನು ಇದೇ ಕುರ್ಚಿಯಲ್ಲಿ ನೋಡಿದ್ದೇನೆ. ಎಫ್‌ಡಿಎ ಫಿಲ್ಲರಿಗೆ ಒಪ್ಪಿಗೆ ಕೊಟ್ಟಿರೋದೇ 22 ತುಂಬಿದವರಿಗೆ ಅಂತ. ಆದರೆ ರೀಲ್ಸ್ ಅವರನ್ನು ಬಿಡಬೇಕಲ್ಲ. ನಾಲಿಗೆ ಅಂಗಳಕ್ಕೆ ಒತ್ತಿ ಹಿಡಿದರೆ ದವಡೆ ಬರುತ್ತೆ, ರಬ್ಬರ್ ಉಂಡೆ ಜಗಿದರೆ ಬರುತ್ತೆ, ಬರದಿದ್ದರೆ ಫಿಲ್ಲರ್ ಹಾಕಿಸು. ಇದೇ ಊರಿನ ಗರಡಿ ಮನೆಯಲ್ಲಿ ಸಾಮು ಮಾಡಿ, ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ಹಿಡಿದ ಹಿರಿಯರು ನನ್ನ ಅಂಗಡಿಗೆ ಬರುತ್ತಾರೆ. ಅವರಲ್ಲಿ ಒಬ್ಬರ ಮುಖ ದುಂಡಗೆ ಗುಂಡುಕಲ್ಲಿನ ಹಾಗಿದೆ. ಅವರ ಎದುರು ಗಂಡಸುತನದ ಮಾತಾಡೋಕೆ ಯಾರಿಗೂ ಧೈರ್ಯ ಇಲ್ಲ ಬಿಡಿ.

ಒಂದು ಕಡೆ ಮಾತ್ರ ನಾನು ಈ ಹಾಸ್ಯ ಮಾಡಲ್ಲ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುತ್ತಿರುವವರಿದ್ದಾರೆ. ನನ್ನ ಅಂಗಡಿಗೂ ಒಬ್ಬರು ಬರುತ್ತಾರೆ, ಅಂಗಡಿ ಖಾಲಿ ಇರುವ ಹೊತ್ತು ನೋಡಿಕೊಂಡು. ಡಾಕ್ಟರ ಸಲಹೆ ಮೇಲೆ ಹಾರ್ಮೋನ್ ತಗೊಂಡರೆ ಗಡ್ಡ ಬರುತ್ತೆ, ದನಿ ಒಡೆಯುತ್ತೆ, ಆದರೆ ಬೆಳೆದು ನಿಂತ ಮೂಳೆ ಬದಲಾಗಲ್ಲ. ಅಂಥವರಿಗೆ ಗದ್ದಕ್ಕೆ, ದವಡೆಗೆ ಹಾಕುವ ಒಂದೆರಡು ಸಿರಿಂಜ್ ಶೋಕಿ ಅಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಯಾರೂ ತಿರುಗಿ ನೋಡದ ಹಾಗೆ ಒಂದು ದಿನ ಕಳೆಯೋದು ಅದು. ಕ್ಲಿನಿಕ್ಕಿಗೆ ಹೋದರೆ ನಗುತ್ತಾರೆ, ಮನೆಯಲ್ಲಿ ಗೊತ್ತಾಗುತ್ತೆ ಅಂತ ಹೆದರಿ ಕದ್ದುಮುಚ್ಚಿ ಮಾಡುವವರ ಹತ್ತಿರ ಹೋಗುತ್ತಾರೆ. ಎಲ್ಲರಿಗಿಂತ ಜಾಸ್ತಿ ಪೆಟ್ಟು ತಿನ್ನೋದು ಅವರೇ. ಡಾಕ್ಟರುಗಳಲ್ಲಿ ನನ್ನ ವಿನಂತಿ, ಅವರು ಬಂದರೆ ಮರ್ಯಾದೆಯಿಂದ ಕೂರಿಸಿ ಮಾತಾಡಿ.

ದಾವಣಗೆರೆಗೆ ಡಾಕ್ಟರುಗಳ ಬರ ಇಲ್ಲ. 1965ರಿಂದ ಜೆ.ಜೆ.ಎಂ. ಮೆಡಿಕಲ್ ಕಾಲೇಜಿದೆ, ಎಸ್.ಎಸ್. ಇದೆ, ಡೆಂಟಲ್ ಕಾಲೇಜುಗಳಿವೆ, ಚಿಗಟೇರಿ ಆಸ್ಪತ್ರೆ ಇದೆ. ಚಿತ್ರದುರ್ಗ, ಹಾವೇರಿ ಕಡೆಯವರೂ ಕಾಯಿಲೆ ಅಂದರೆ ಇಲ್ಲಿಗೇ ಬರುತ್ತಾರೆ. ಇಂಥ ಊರಲ್ಲಿ ಮುಖಕ್ಕೆ ಚುಚ್ಚಿಸಿಕೊಳ್ಳೋಕೆ ಸಲೂನಿನ ಕುರ್ಚಿ ಯಾಕೆ ಬೇಕು? ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಕೂದಲು ಕಸಿ, ಸೌಂದರ್ಯ ಚಿಕಿತ್ಸೆ ಇವೆಲ್ಲ ತರಬೇತಿ ಪಡೆದ ವೈದ್ಯರ ಕೆಲಸ, ವಿಡಿಯೊ ನೋಡಿ ಕಲಿತು ಮಾಡುವಂಥದ್ದಲ್ಲ ಅಂತ ಮಾರ್ಗಸೂಚಿ ಹೊರಡಿಸಿದೆ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಕ್ಲಿನಿಕ್ ಅಂದ ಮೇಲೆ ಆ ಕೆ.ಪಿ.ಎಂ.ಇ. ನೋಂದಣಿ ಇರಬೇಕು, ಸರ್ಟಿಫಿಕೇಟ್ ಗೋಡೆ ಮೇಲೆ ಕಾಣಬೇಕು. ಕಾನೂನು ಇದೆ. ನೋಡುವವರು ಬರಬೇಕು ಅಷ್ಟೇ.

ಹಾಗಾಗಿ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ಕೇಳಿಕೊಳ್ಳೋದು, ನಕಲಿ ಕ್ಲಿನಿಕ್ ಮೇಲೆ ದಾಳಿ ಮಾಡುವಾಗ ಜ್ವರಕ್ಕೆ ಗ್ಲೂಕೋಸ್ ಹಾಕುವವರನ್ನು ಮಾತ್ರ ಹುಡುಕಬೇಡಿ. ಗಾಜಿನ ಬಾಗಿಲು, ಏಸಿ ಇರುವ ಅಂಗಡಿಗಳ ಹಿಂದಿನ ರೂಮನ್ನೂ ನೋಡಿ, ನನ್ನ ಅಂಗಡಿಯಿಂದಲೇ ಶುರು ಮಾಡಿ, ಬೇಜಾರಿಲ್ಲ. ಆ ಪೆನ್ ಮಾರುವವರು ಎಲ್ಲಿಂದ ತರುತ್ತಾರೆ ಅನ್ನೋದನ್ನೂ ವಿಚಾರಿಸಿ. ನಮ್ಮ ಸಮಾಜದ ಸಂಘದವರು ಮುಂದಿನ ಮೀಟಿಂಗಿನಲ್ಲಿ ಒಂದು ನಿರ್ಣಯ ಮಾಡಲಿ: ಯಾವ ಸಲೂನಿನಲ್ಲೂ ಚರ್ಮದೊಳಗೆ ಏನನ್ನೂ ಹಾಕಬಾರದು, ಹಾಕುವವರಿಗೆ ರೂಮ್ ಬಾಡಿಗೆ ಕೊಡಬಾರದು, ಗಿರಾಕಿ ಕಳಿಸಿದ್ದಕ್ಕೆ ಕಮಿಷನ್ ಮುಟ್ಟಬಾರದು. ಒಬ್ಬ ಹುಡುಗನ ಮುಖ ಕೆಟ್ಟರೆ ಊರಿನ ಅಷ್ಟೂ ಸಲೂನಿನ ಹೆಸರು ಕೆಡುತ್ತೆ.

ಮಾಡಿಸಿಕೊಳ್ಳಲೇಬೇಕು ಅನ್ನುವ ಹುಡುಗರಿಗೆ ಇಷ್ಟು ಹೇಳುತ್ತೇನೆ. ಚುಚ್ಚುವವರು ಯಾವ ಡಾಕ್ಟರು, ರಿಜಿಸ್ಟರ್ ನಂಬರ್ ಏನು ಅಂತ ಕೇಳಿ. ಕರಗಿಸುವ ಔಷಧ ಇದೆಯಾ ಅಂತ ಕೇಳಿ. ಸೀಲ್ ಇರುವ ಬಾಕ್ಸನ್ನು ನಿಮ್ಮೆದುರೇ ಒಡೆಯಲಿ, ಫಿಲ್ಲರಿನ ಹೆಸರು, ಬ್ಯಾಚ್ ನಂಬರ್ ಬರೆಸಿಕೊಂಡು ಫೋಟೊ ತೆಗೆದಿಟ್ಟುಕೊಳ್ಳಿ. ಕೊಡಲ್ಲ ಅಂದರೆ ಎದ್ದು ಬನ್ನಿ. ಹಾಕಿಸಿಕೊಂಡ ಮೇಲೆ ಚರ್ಮ ಬಿಳಿಚಿದರೆ, ನೀಲಿ ಜಾಲರಿ ಕಂಡರೆ, ತಡೆಯಲಾಗದ ನೋವು ಬಂದರೆ, ಕಣ್ಣು ಮಂಜಾದರೆ ಬೆಳಗ್ಗೆ ನೋಡೋಣ ಅಂತ ಮಲಗಬೇಡಿ, ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೋಗಿ. ನಾಚಿಕೆ ಬಿಟ್ಟು ಏನು ಹಾಕಿಸಿಕೊಂಡಿರಿ ಅಂತ ಹೇಳಿ.

ಸಂಪಾದಕರೇ, ಇಂಥದ್ದು ಕಂಡರೆ ಜಿಲ್ಲೆಯಲ್ಲಿ ಯಾರಿಗೆ ದೂರು ಕೊಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಅಧಿಕಾರಿಗಳನ್ನೇ ಕೇಳಿ ನಿಮ್ಮ ಪತ್ರಿಕೆಯಲ್ಲಿ ಹಾಕಿಸಿ. ಕತ್ತರಿಸಿ ನನ್ನ ಅಂಗಡಿ ಕನ್ನಡಿಗೆ ಅಂಟಿಸುತ್ತೇನೆ, ಬೇರೆ ಸಲೂನಿನವರಿಗೂ ಹಂಚುತ್ತೇನೆ.

ಇಂತಿ,
ಸಲೂನ್ ಮಾಲೀಕ
ವಿದ್ಯಾನಗರ, ದಾವಣಗೆರೆ